ಬಿಸಿಲು ಬರುವ ತನಕ ಗದ್ದೆಗಿಳಿಯದ ಹಣಮಂತಮ್ಮ

ಕೃಷ್ಣೆಯ ನೀರು ಕಾಲುವೆ ಹಿಡಿದು ಬಂದ ಮೇಲೆ ಸುರಪುರ, ಶಹಾಪುರದ ಕಡೆ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಚಳಿಗಾಲದಲ್ಲೂ ಕೂಲಿ ಸಿಗತೊಡಗಿತು. ಆದರೆ ಬೇಸಿಗೆ ಬೆಳೆಗೆ ಸಸಿ ಹಚ್ಚುವುದು ಸಂಕ್ರಾಂತಿ ಆಸುಪಾಸಿನ ಥಂಡಿಯಲ್ಲಿ. ಕಾಲುವೆಯ ನೀರಿಗೆ ಪಾಳಿ ಇತ್ತು. ಪಾಳಿ ಮುಗಿಯುವುದರೊಳಗೆ ನಾಟಿ ಮುಗಿಯಬೇಕೆಂದು ಹೆಣ್ಣಾಳುಗಳನ್ನು ಮೂಡಣ ಕೆಂಪಾಗುವ ಮೊದಲೇ ಕೆಸರಿಗಿಳಿಸುತ್ತಿದ್ದರು. ಮೊಣಕಾಲ ತನಕ ನೀರು, ಬಗ್ಗಿದ ಬೆನ್ನಿನ ಮೇಲೆ ಮಂಜು.

ಹಣಮಂತಮ್ಮ ಮತ್ತು ಅವಳ ನೆಗೆಣ್ಣಿ, ಗಂಡನ ಅಣ್ಣನ ಹೆಂಡತಿ ತಿಮ್ಮವ್ವ ಸಾವಕಾರ ಮಹಾದೇವಪ್ಪನ ಗದ್ದೆಯಲ್ಲಿ ಒಬ್ಬರ ಪಕ್ಕ ಒಬ್ಬರು ಸಸಿ ಹಚ್ಚುತ್ತಿದ್ದರು. ತಿಮ್ಮವ್ವನ ಕೈ ಚುರುಕು. ಹಿಂದೆ ಬಿದ್ದವರ ಸಾಲಿಗೂ ನಾಲ್ಕು ಸಸಿ ಊರಿ, ಬೈಗುಳ ತಪ್ಪಿಸುವ ಹೆಂಗಸು. ಒಂದು ಚಳಿಗಾಲ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮುತ್ತಲೇ ನೀರಿಗಿಳಿದಳು. ಜ್ವರ ಎದೆಗೇರಿ, ಹಬ್ಬಕ್ಕೆ ಮೊದಲೇ ಹೋಗಿಬಿಟ್ಟಳು. ಮಣ್ಣು ಮಾಡಿ ಬಂದ ಮೇಲೆ ಹಣಮಂತಮ್ಮನೂ ಅದೇ ಜ್ವರದಲ್ಲಿ ಮಲಗಿದಳು. ಶಹಾಪುರದಲ್ಲಿದ್ದ ತಂಗಿ ಬಾಲಮ್ಮ ಬಂದು ಅವಳನ್ನು ತನ್ನ ಮನೆಗೆ ಕರೆದೊಯ್ದಳು.

ಜ್ವರ ಬಿಟ್ಟಿತು, ಹಣಮಂತಮ್ಮ ಮಾತ್ರ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಪಕ್ಕದ ಮನೆಯಲ್ಲಿ ಕುಬ್ರಾಬೇಗಂ ಎಂಬ ಮುದುಕಿ ಇದ್ದಳು, ಓಣಿಯ ಮಕ್ಕಳಿಗೆಲ್ಲ ಸ್ವೆಟರ್, ಟೊಪ್ಪಿಗೆ ಹೆಣೆದು ಕೊಡುವವಳು. ಒಂದು ದಿನ ಬಂದು ಹಾಸಿಗೆಯ ಪಕ್ಕ ಕುಳಿತು ಅವಳ ಕೈ ಹಿಡಿದು ನೋಡಿದಳು.

“ಕೈ ಬೊಟ್ಟು ಕಟಗಿ ಆಗ್ಯಾವಲ್ಲವ್ವ. ಏಳು, ಇದನ್ನ ಹಿಡಿ,” ಎಂದು ಎರಡು ಹೆಣಿಗೆ ಕಡ್ಡಿ ಕೊಟ್ಟಳು.

“ನನಗ ಇದೆಲ್ಲ ಬರಂಗಿಲ್ರಿ. ನಾ ಸಸಿ ಹಚ್ಚಾಕಿ.”

“ಮತ್ತ? ಅದೂ ಸಾಲು, ಇದೂ ಸಾಲು. ಇಲ್ಲಿ ಕಾಲಿಗೆ ಕೆಸರು ಹತ್ತಂಗಿಲ್ಲ, ಅಷ್ಟ ಫರಕು. ಕುಂದ್ರು.”

ಮೊದಮೊದಲು ಕುಣಿಕೆಗಳು ಬಿಚ್ಚಿ ಬಿಚ್ಚಿ ಬೀಳುತ್ತಿದ್ದವು. ಹಣಮಂತಮ್ಮ ಸಿಟ್ಟಿನಿಂದ ಮತ್ತೆ ಹಾಕುತ್ತಿದ್ದಳು. ಆ ಸಿಟ್ಟೇ ಅವಳನ್ನು ಎಬ್ಬಿಸಿ ಕೂಡಿಸಿತು. ಸಂತೆಯಲ್ಲಿ ಸಿಗುವ ಹಳೇ ಸ್ವೆಟರ್‌ಗಳನ್ನು ಬಿಚ್ಚಿ, ತೊಳೆದು, ಉಂಡೆ ಸುತ್ತಿ ಹೊಸದು ಹೆಣೆಯುವುದನ್ನು ಕಲಿತಳು. ಎಣಿಸುತ್ತ ಹೆಣೆಯುತ್ತಿದ್ದರೆ ಬೇರೆ ಯೋಚನೆಗೆ ಜಾಗ ಇರುತ್ತಿರಲಿಲ್ಲ. ಎದೆಯ ಭಾರ ಅಷ್ಟು ಹೊತ್ತು ಎಲ್ಲೋ ಇಳಿದು ಕೂರುತ್ತಿತ್ತು.

ಮೊದಲ ಸ್ವೆಟರ್ ಮುಗಿದಾಗ ಅವಳು ಅದನ್ನು ತನ್ನ ಮೈಗೆ ಹಿಡಿದು ನೋಡಿದಳು. ಭುಜ ಅಗಲವಾಗಿತ್ತು. ತಿಮ್ಮವ್ವನ ಅಳತೆಗೆ ಹೆಣೆದಿದ್ದಳು, ತನಗೇ ಗೊತ್ತಿಲ್ಲದೆ. ಮಣ್ಣು ಕೊಡುವಾಗಲೂ ಅಳದಿದ್ದವಳು ಆವತ್ತು ಬಿಕ್ಕಿ ಬಿಕ್ಕಿ ಅತ್ತಳು. ಕುಬ್ರಾಬೇಗಂ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು.

“ಬಿಚ್ಚಿ ಬಿಡ್ಲೇನ್ರಿ ಇದನ್ನ?”

“ಯಾಕ ಬಿಚ್ಚತಿ? ಆಕಿಗೆ ಮಗಳಿಲ್ಲೇನು?”

ಮಗಳಿದ್ದಳು, ಮೋನಮ್ಮ. ಹಣಮಂತಮ್ಮ ಊರಿಗೆ ಮರಳಿ ಮುಂದಿನ ಚಳಿಗಾಲ ಬರುವಷ್ಟರಲ್ಲಿ, ಆ ಹುಡುಗಿ ತಾಯಿಯ ಜಾಗದಲ್ಲಿ ಸಸಿ ಹಚ್ಚಲು ನಿಂತಿದ್ದಳು. ಹಣಮಂತಮ್ಮ ಅವಳಿಗೆ ಸ್ವೆಟರ್ ತೊಡಿಸಿದಳು. ಗದ್ದೆಯಲ್ಲಿ ಬಗ್ಗಿ ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು, “ಬೆಚ್ಚಗ ಅದ ಏನವ್ವ?”

“ಮೈ ಬೆಚ್ಚಗ ಅದ ಚಿಗವ್ವ. ಕಾಲು ಮಾತ್ರ ಇದ್ದಾವೋ ಇಲ್ಲೋ ತಿಳಿವಲ್ದು.”

ಹಣಮಂತಮ್ಮನ ಕೈ ನಿಂತುಹೋಯಿತು. ನೀರಿನಲ್ಲಿರುವ ಕಾಲಿಗೆ ಅವಳು ಏನು ಹೆಣೆದಾಳು? ಕೈಯಲ್ಲಿದ್ದ ಸಸಿಯ ಕಟ್ಟನ್ನು ಬದುವಿನ ಮೇಲಿಟ್ಟು, ಮೋನಮ್ಮನ ರಟ್ಟೆ ಹಿಡಿದು ಮೇಲೆ ಎಳೆದುಕೊಂಡು ಬಂದಳು.

“ಬಿಸಿಲು ಬರೂ ತನಕ ನಾವು ಇಳಿಯಂಗಿಲ್ಲ,” ಎಂದಳು, ಎಲ್ಲರಿಗೂ ಕೇಳುವಂತೆ.

ಆವತ್ತು ಅವಳ ಜೊತೆ ಮೇಲೆ ಬಂದದ್ದು ಮೋನಮ್ಮ ಒಬ್ಬಳೇ. ಮಹಾದೇವಪ್ಪ ಇಬ್ಬರನ್ನೂ ಮನೆಗೆ ಕಳಿಸಿದ. ಮಾರನೆಯ ದಿನ ಕರೆಯಲೂ ಇಲ್ಲ. ಹಣಮಂತಮ್ಮ ಮನೆಯಲ್ಲಿ ಕುಳಿತು ಹೆಣೆದಳು. ಕೆಲಸದಿಂದ ಬರುವ ಹೆಂಗಸರು ಅವಳ ಒಲೆಯ ಮುಂದೆ ಕಾಲು ಕಾಸಿಕೊಳ್ಳಲು ಬರುತ್ತಿದ್ದರು. ಬಂದವರಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕೊಟ್ಟು, ಮಾತಾಡುತ್ತಲೇ ನೂಲಿನಿಂದ ಅವರ ಭುಜದ ಅಳತೆ ತೆಗೆದುಕೊಳ್ಳುತ್ತಿದ್ದಳು. ಮರುವರ್ಷದ ನಾಟಿ ಶುರುವಾಗುವಷ್ಟರಲ್ಲಿ ಒಂದೊಂದಾಗಿ ಎಲ್ಲರಿಗೂ ತೋಳಿಲ್ಲದ ಸ್ವೆಟರ್ ಆದವು. ಬಿಚ್ಚಿದ ನೂಲು ಹೇಗೆ ಸಿಕ್ಕಿತೋ ಹಾಗೆ, ಎದೆ ಒಂದು ಬಣ್ಣ, ಬೆನ್ನು ಒಂದು ಬಣ್ಣ.

“ಇದಕ್ಕ ನಿನಗೇನು ಕೊಡೂದವ್ವ?” ಎಂದು ಒಬ್ಬಳು ಕೇಳಿದಳು.

“ನಾಳಿಗೆ ನನ್ನ ಜೋಡಿ ಬದುವಿನ ಮ್ಯಾಲ ಕುಂದ್ರು, ಸಾಕು. ತಿಮ್ಮಕ್ಕಗ ಆದದ್ದು ಇನ್ನೊಬ್ಬಾಕಿಗೆ ಆಗಬಾರ್ದು.”

ಮರುದಿನ ನಸುಕಿನಲ್ಲಿ ಮಹಾದೇವಪ್ಪ ಬಂದು ನೋಡಿದರೆ ಗದ್ದೆ ಖಾಲಿ. ಬದುವಿನ ಮೇಲೆ ಬಣ್ಣ ಬಣ್ಣದ ಸ್ವೆಟರ್ ತೊಟ್ಟ ಹೆಂಗಸರ ಸಾಲು. ನಡುವೆ ಹಣಮಂತಮ್ಮ ಹೆಣೆಯುತ್ತ ಕುಳಿತಿದ್ದಳು.

“ಏನಿದು? ಕಾಶ್ಮೀರಕ್ಕ ಹೊಂಟೀರೇನು ಎಲ್ಲಾರೂ?”

“ಇಲ್ರಿ ಸಾವಕಾರ್ರ, ನಿಮ್ಮ ಗದ್ದಿಗೇ ಬಂದೀವಿ. ಬಿಸಿಲು ಬರ್ಲಿ, ಇಳಿತೀವಿ. ಹಚ್ಚೂ ಸಸಿ ಒಂದೂ ಕಮ್ಮಿ ಆಗಂಗಿಲ್ಲ.”

“ನೀರಿನ ಪಾಳಿ ಮುಗೀತದ! ಬಿಸಿಲು ಕಾಯಾಕ ಕಾಲುವಿ ನಿಮ್ಮಪ್ಪಂದೇನು?”

“ನಿಮ್ಮಪ್ಪಂದೂ ಅಲ್ರಿ.”

ಯಾರೋ ಕಿಸಕ್ಕನೆ ನಕ್ಕರು. ಸಾವಕಾರನ ಮುಖ ಕಪ್ಪಿಟ್ಟಿತು. ಮೋಟರ್‌ಸೈಕಲ್ ಹತ್ತಿ ಹೋದವನು ಆಚೆ ಊರಿನಿಂದ ಟ್ರ್ಯಾಕ್ಟರ್ ತುಂಬ ಬೇರೆ ಆಳು ಕರೆತಂದ. ಬದುವಿನ ಮೇಲಿದ್ದವರಲ್ಲಿ ಒಬ್ಬಿಬ್ಬರು ನೀರಿಗಿಳಿಯಲು ಎದ್ದು ಸೆರಗು ಕಟ್ಟಿಕೊಂಡರು. ಹಣಮಂತಮ್ಮ ಏಳಲಿಲ್ಲ.

ಟ್ರ್ಯಾಕ್ಟರ್‌ನಿಂದ ಮೊದಲು ಇಳಿದವಳು ಇಮಾಮಬೀ ಎಂಬ ವಯಸ್ಸಾದ ಹೆಂಗಸು. ಬೆರಳ ಸಂದಿಯೆಲ್ಲ ಒಡೆದಿದ್ದ ಪಾದ ಅವಳದು. ಅವಳು ನೀರಿನ ಕಡೆ ನೋಡಿದಳು, ಇವರ ಕಡೆ ನೋಡಿದಳು.

“ನೀವ್ಯಾಕ ಕುಂತೀರಿ?”

“ಬಿಸಿಲಿಗೆ ಕಾಯಾಕತ್ತೀವಿ,” ಎಂದಳು ಹಣಮಂತಮ್ಮ. ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿಪುಡಿ ಮುಂದಿಟ್ಟಳು. “ನಿಮ್ಮ ಕೂಲಿ ನಾವು ಕೆಡಸಂಗಿಲ್ಲ. ಇಳಿಯೋದಿದ್ರ ಇಳೀರಿ. ಮೊದಲ ಒಂದು ತುತ್ತು ತಿನ್ರಿ.”

ಇಮಾಮಬೀ ರೊಟ್ಟಿ ಮುರಿದು ಬಾಯಿಗಿಟ್ಟಳು. ಆಮೇಲೆ ನಿಧಾನಕ್ಕೆ ಬದುವಿನ ಮೇಲೆ ಕುಳಿತಳು. “ಭಾಳ ವರ್ಷ ಆತವ್ವ, ನನಗ ಈ ಬುದ್ಧಿ ಬರ್ಲಿಲ್ಲ,” ಎಂದಳು. ಅವಳು ಕುಳಿತದ್ದನ್ನು ಕಂಡು ಅವಳ ಹಿಂದೆ ಬಂದವರೂ ಕುಳಿತರು.

ಮಹಾದೇವಪ್ಪ ಕೂಗಿದ, ಬೈದ, ಕೊನೆಗೆ ಸುಸ್ತಾಗಿ ತಾನೂ ಟ್ರ್ಯಾಕ್ಟರ್‌ಗೆ ಒರಗಿ ನಿಂತ. ಬಿಸಿಲು ಬದುವಿನ ಮೇಲೆ ಹರಿದು, ನೀರಿನ ಮೇಲಿನ ಮಂಜು ಕರಗಿದಾಗ ಹಣಮಂತಮ್ಮ ಹೆಣಿಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. ಎರಡೂ ಊರಿನ ಹೆಂಗಸರು ಒಟ್ಟಿಗೆ ಇಳಿದರು. ಸಂಜೆಯ ಹೊತ್ತಿಗೆ ಗದ್ದೆ ಪೂರ್ತಿ ಹಸಿರಾಗಿತ್ತು. ಸಾವಕಾರ ಒಪ್ಪಿದೆನೆಂದು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಮೇಲೆ ಅವನ ಗದ್ದೆಗೆ ಕತ್ತಲಲ್ಲಿ ಯಾರನ್ನೂ ಕರೆಯಲಿಲ್ಲ. ಅದನ್ನು ನೋಡಿ ಉಳಿದ ಗದ್ದೆಯವರೂ ಆ ರೂಢಿ ಬಿಟ್ಟರು.

ಮರುವರ್ಷ ಮಹಾದೇವಪ್ಪನ ಮನೆಯಲ್ಲಿ ಮೊಮ್ಮಗು ಹುಟ್ಟಿತು. ತೊಟ್ಟಿಲ ಕಾರ್ಯಕ್ಕೆ ಹಣಮಂತಮ್ಮ ಕರೆಯದೆಯೇ ಹೋಗಿ, ತಾನು ಹೆಣೆದ ಹಳದಿ ಕುಲಾವಿಯನ್ನು ಕೂಸಿನ ತಲೆಗೆ ತೊಡಿಸಿದಳು. ಸಾವಕಾರನ ಹೆಂಡತಿ ಶೇಖಮ್ಮ ತಬ್ಬಿಬ್ಬಾಗಿ, “ನಮ್ಮ ಮನಿ ಕೂಸಿಗೂ ಹೆಣದು ತಂದೀಯೇನವ್ವ?” ಎಂದಳು.

“ಕೂಸು ಏನ್ ಮಾಡ್ಯದ್ರಿ? ಅದಕ್ಕೂ ಥಂಡಿ ಹತ್ತತದ,” ಎಂದಳು ಹಣಮಂತಮ್ಮ, ಬಾಗಿಲಲ್ಲಿ ನಿಂತಿದ್ದ ಮಹಾದೇವಪ್ಪನಿಗೂ ಕೇಳುವಂತೆ. “ಸಾವಕಾರ್ರಿಗೆ ಮಾತ್ರ ಏನೂ ಹೆಣದಿಲ್ಲ. ಅವರು ನಮ್ಮಂಗ ಬಿಸಿಲು ಬಂದ ಮ್ಯಾಲ ಗದ್ದಿಗೆ ಬಂದ್ರ ಥಂಡಿ ಹತ್ತಂಗಿಲ್ಲ.”