ಹೊಲ ಇಲ್ಲದವರ ಹೆಸರು

"ಯಾವ ಸರ್ವೆ ನಂಬರಿನ ಸಲುವಾಗಿ ಬಂದೀಯವ್ವಾ?"

ಗೆಳೆಯರೇ, ಇವತ್ತು ಹೊಸಹಳ್ಳಿಯ ನಮ್ಮ ದೊಡ್ಡಪ್ಪ ಹೀಗೆ ಕೇಳಿದರು. ನಾನು ಅಂದಿದ್ದು ಇಷ್ಟೇ: "ನಮ್ಮ ವಂಶವೃಕ್ಷ ಬರಿಯಾಕ ಹತ್ತೀನಿ. ನಿಮ್ಮಜ್ಜನ ಹೆಸರೇನ್ರಿ?"

ನಮ್ಮ ಕಡೆ ವಂಶವೃಕ್ಷವೆಂದರೆ ಹೊಲ ಪಾಲಾಗುವಾಗ ಕಚೇರಿಗೆ ಕೊಡುವ ಕಾಗದ. ಇದು ಬರೀ ಹವ್ಯಾಸ ಎಂದರೆ ಅವರು ನಂಬಲಿಲ್ಲ.

"ಸತ್ತೋರ ಹೆಸರು ಬರಿಯೋದು ಎಂಥಾ ಹವ್ಯಾಸ? ನಮ್ಮ ಹಿರೇರ ಹೆಸರು ಒಂದೂ ಹೇಳಂಗಿಲ್ಲ," ಎಂದು ಮುಖ ತಿರುಗಿಸಿದರು.

ಬರಿಗೈಯಲ್ಲಿ ವಾಪಸ್ ನಮ್ಮೂರು ಕೊಟ್ಟೂರಿನ ಬಸ್ಸು ಹತ್ತುವವಳು ನಾನಲ್ಲ. ನೋಟ್‌ಬುಕ್ಕಿನಲ್ಲಿ ಹೊಸ ಹಾಳೆ ತೆರೆದೆ. "ಹೋಗ್ಲಿ ಬಿಡ್ರಿ, ಹೆಣ್ಮಕ್ಕಳ ಹೆಸರಾದ್ರೂ ಹೇಳ್ರಿ."

"ಅವ್ರ ಹೆಸರಿಗೆ ಹೊಲ ಎಲ್ಲೈತಿ? ಬರಕೋ," ಎಂದರು.

ತಮ್ಮ ಅವ್ವ ಕೊಟ್ರವ್ವ, ಅಜ್ಜಿ ದುರುಗವ್ವ, ಮಾಗಳದಿಂದ ಸೊಸೆಯಾಗಿ ಬಂದ ಮುತ್ತಜ್ಜಿ ಹುಲಿಗೆವ್ವ, ಅವರ ಅಕ್ಕತಂಗಿಯರು. ಹೇಳುತ್ತ ಹೇಳುತ್ತ ದೊಡ್ಡಪ್ಪನ ದನಿ ಮೆತ್ತಗಾಯಿತು. "ಅವ್ವನ ಹೆಸರು ಬಾಯಾಗ ಬಂದು ಎಷ್ಟು ವರ್ಷಾತೋ," ಎಂದು ಕಣ್ಣೊರೆಸಿಕೊಂಡರು.

ಮುಂದಿನ ವಾರ ಮತ್ತೆ ಹೋಗುವವಳೇ. ಸದ್ಯಕ್ಕೆ ನಮ್ಮ ವಂಶದಲ್ಲಿ ಹನ್ನೊಂದು ಹೆಂಗಸರಿದ್ದಾರೆ, ಗಂಡಸರಿನ್ನೂ ಹುಟ್ಟಿಲ್ಲ.