ಚನ್ನವೀರಪ್ಪನವರ ಕಾರ್ನಿಟಿನ್

“ಅಮ್ಮಾ, ಮಾಂಸ ತಿನ್ನದೋರಿಗೆಲ್ಲ ಸುಸ್ತು ಅಂತಾರಲ್ಲ ಚನ್ನವೀರಪ್ಪ ತಾತ, ನಂಗ್ಯಾಕೆ ಸುಸ್ತೇ ಆಗಲ್ಲ?” ಎಂದು ಮಗಳು ಗಗನಾ ಕೇಳಿದಾಗ ತನುಜಾಗೆ ನಗು ತಡೆಯಲಾಗಲಿಲ್ಲ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಕೆಲಸದಿಂದ ನಿವೃತ್ತರಾದ ಮೇಲೆ ಚನ್ನವೀರಪ್ಪನವರು ಆಲೂರಿನ ಸಸ್ಯಾಹಾರಿಗಳಿಗೆಲ್ಲ, ಮಾಂಸದಲ್ಲಿ ಹೆಚ್ಚಾಗಿರುವ ಕಾರ್ನಿಟಿನ್ ಎಂಬ ಪೋಷಕಾಂಶದ ಮಾತ್ರೆಯ ಡಬ್ಬಿ ಮಾರುತ್ತಾರೆ. ಬಸ್ಸಿನಲ್ಲಿ ಯಾರಾದರೂ ಆಕಳಿಸಿದರೆ ಸಾಕು, “ಕಾರ್ನಿಟಿನ್ ಕಮ್ಮಿಯಾಗ್ಬುಟ್ಟೈತೆ ಮಾರಾಯ” ಎಂದು ಪಕ್ಕಕ್ಕೆ ಬಂದು ಕೂರುತ್ತಾರೆ. ಗೃಹಪ್ರವೇಶದ ಪಂಕ್ತಿಯಲ್ಲಿ ಅಕ್ಕಪಕ್ಕದ ಎಲೆಗಳನ್ನು ಇಣುಕಿ, “ಹೋಳಿಗೆ ಐತೆ, ಕೋಸಂಬರಿ ಐತೆ, ಕಾರ್ನಿಟಿನ್ ಎಲ್ಲೈತೆ?” ಎನ್ನುತ್ತಾರೆ, ಬಡಿಸುವವರು ತಾವೇನೋ ಮರೆತೆವೆಂದು ಅಡುಗೆಮನೆಗೆ ಓಡುತ್ತಾರೆ. ತನುಜಾ ಮಾತ್ರ ಡಾಕ್ಟರನ್ನೇ ಕೇಳಿ ಬಂದು, “ಆರೋಗ್ಯವಾಗಿರೋರ ಮೈಯೇ ಅದನ್ನ ಮಾಡ್ಕೊಳ್ಳುತ್ತಂತೆ, ಡಬ್ಬಿ ಬೇಡ” ಎಂದು ಬೀದಿಗೆಲ್ಲ ಹೇಳಿದ್ದಳು. ಆವತ್ತು ಎಲ್ಲರಿಗಿಂತ ಜೋರಾಗಿ ನಕ್ಕವರು ಚನ್ನವೀರಪ್ಪನವರ ಹೆಂಡತಿ ನೀಲಮ್ಮ. ಆ ನೀಲಮ್ಮ ಈಗ ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆಂದು ಹಾಸನಕ್ಕೆ ಹೋಗಿಬರುತ್ತಾರೆ. ರಕ್ತಪರೀಕ್ಷೆ ನೋಡಿ, ಡಯಾಲಿಸಿಸ್‌ನಲ್ಲಿ ಅದು ಸೋರಿಹೋಗಿ ಕಮ್ಮಿಯಾಗಿದೆಯೆಂದು ಅಲ್ಲಿನ ಡಾಕ್ಟರು ಕಾರ್ನಿಟಿನ್ನನ್ನೇ ಬರೆದುಕೊಟ್ಟಿದ್ದಾರೆ. ನಿನ್ನೆ ಚನ್ನವೀರಪ್ಪನವರು ಡಬ್ಬಿಯಿಲ್ಲದೆ ಬರಿಗೈಯಲ್ಲಿ ಬಂದು ತನುಜಾಳ ಮನೆ ಬಾಗಿಲಲ್ಲೇ ನಿಂತರು. “ಗಂಡ ಮಾರೋ ಸರಕು, ಮುಟ್ಟಲ್ಲ ಅಂತಾಳೆ ಕಣವ್ವ. ನಿನ್ನ ಮಾತಾದ್ರೆ ನಂಬ್ತಾಳೆ. ನಮ್ಮ ಬೀದೀಲಿ ಇದು ಬೇಕಾಗಿರೋದು ಅವಳೊಬ್ಬಳಿಗೇ ಅಂತ ನೀನೇ ಬಂದು ಹೇಳವ್ವ.”