ಕಾಲು ತೆಗೆದರೆ ನಡುಗುವ ಕಾರು

ನಮ್ಮ ಕಡೆ ಕಾರು ಓಡಿಸುವ ಗಂಡಸರಿಗೆ ಒಂದು ಚಟವಿದೆ. ಗಾಡಿ ನಿಂತಿದ್ದರೂ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುವುದಿಲ್ಲ. ಬಣಕಲ್ ಸುತ್ತಮುತ್ತ ಸಪಾಟು ರಸ್ತೆ ಅಂತ ಎಲ್ಲಿದೆ ಹೇಳಿ? ಏರಿನಲ್ಲಿ ನಿಂತರೆ ಗಾಡಿ ಹಿಂದೆ ಜಾರುತ್ತದೆ. ಅದಕ್ಕೆ ಅರ್ಧ ಕ್ಲಚ್ ಒತ್ತಿ, ಸಣ್ಣಗೆ ರೇಸ್ ಕೊಡುತ್ತಾ, ಬ್ರೇಕ್ ಮುಟ್ಟದೆ ಅಲ್ಲೇ ನಿಲ್ಲಿಸಿಕೊಳ್ಳುವುದೇ ದೊಡ್ಡ ವಿದ್ಯೆ. ಅಪ್ಪ ಅದರಲ್ಲಿ ಎತ್ತಿದ ಕೈ. ಎದುರಿಗೆ ಪಕ್ಕದ ತೋಟದವರು ಸಿಕ್ಕಿದರೆ ಕಾಫಿ ರೇಟು, ಮಳೆ, ಯಾರದೋ ಮನೆಯ ಮದುವೆ ಎಲ್ಲ ಮಾತಾಡಿ ಮುಗಿಯುವ ತನಕ ಅವರ ಬಲಗಾಲು ಆಡುತ್ತಲೇ ಇರುತ್ತಿತ್ತು.

ಅಮ್ಮ ಕಾರು ಕಲಿತದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಚಿಕ್ಕಮಗಳೂರಿನ ಡ್ರೈವಿಂಗ್ ಸ್ಕೂಲಿನಲ್ಲಿ. ಅದಕ್ಕೆ ಕಾರಣ ಒಂದೇ, ಕಳಸದಲ್ಲಿದ್ದ ಅವಳ ತಾಯಿ. ಅಜ್ಜಿ ಪಾರ್ಶ್ವವಾಯು ಹೊಡೆದು ಸೋದರಮಾವನ ಮನೆಯಲ್ಲಿ ಮಲಗಿದ್ದರು. ಆಗಾಗ ಹೋಗಿ ಪಕ್ಕದಲ್ಲಿ ಕೂತು ಬರಬೇಕೆಂದು ಅಮ್ಮನಿಗೆ ಆಸೆ. ಕೊಟ್ಟಿಗೆಹಾರದಲ್ಲಿ ಬಸ್ಸು ಬದಲಿಸಿ ಹೋದರೆ ಅದೇ ದಿನ ವಾಪಸಾಗುವುದು ಕಷ್ಟ. ಅಪ್ಪನನ್ನು ಕೇಳಿದರೆ ಕಾಫಿ ಹಣ್ಣಿನ ಕೊಯ್ಲು, ಸಿಪ್ಪೆ ಬಿಡಿಸುವ ಪಲ್ಪಿಂಗ್, ನೆರಳುಮರದ ಕೊಂಬೆ ಸವರುವ ಮರಗಸಿ, ಒಂದಲ್ಲ ಒಂದು ಕೆಲಸ. "ಯಾರನ್ನೂ ಕಾಯೋದು ಬೇಡ, ನಾನೇ ಹೋಗಿ ಬರ್ತೀನಿ" ಎಂದು ಅಮ್ಮ ಸ್ಟೀರಿಂಗ್ ಹಿಡಿದಳು.

ಸ್ಕೂಲಿನಲ್ಲಿ ಅವಳಿಗೆ ಕಲಿಸಿದ್ದು ಪಟ್ಟಣದ ಪಾಠ. ನಿಂತರೆ ನ್ಯೂಟ್ರಲ್ ಮಾಡಬೇಕು, ಹ್ಯಾಂಡ್‌ಬ್ರೇಕ್ ಎಳೆಯಬೇಕು, ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಅವಳು ಚಾಚೂ ತಪ್ಪದೆ ಹಾಗೇ ಮಾಡುತ್ತಿದ್ದಳು. ಹಾಗೆ ಮಾಡಿದಾಗಲೆಲ್ಲ ನಮ್ಮ ಹಳೆಯ ಪೆಟ್ರೋಲ್ ಕಾರು ನಡುಗುತ್ತಿತ್ತು. ಗೇರ್ ರಾಡು ಗಡಗಡ ಅನ್ನುತ್ತಿತ್ತು, ಒಮ್ಮೊಮ್ಮೆ ಇಂಜಿನ್ ಕೆಮ್ಮಿ ಆಫ್ ಆಗುತ್ತಿತ್ತು.

"ಅಲ್ರೀ, ನಿಂತಾಗ ಗಾಡಿ ನಡುಗ್ತದೆ. ಒಂಚೂರು ನೋಡಿ" ಎಂದಳು ಅಮ್ಮ.

"ಗಾಡಿ ನಡುಗೋದಲ್ಲ ಮಾರಾಯ್ತಿ, ನಿನ್ನ ಕಾಲು ನಡುಗೋದು" ಎಂದು ಅಪ್ಪ ನಕ್ಕರು. ನಕ್ಕರೂ ಹೋಗಿ ಸ್ಟಾರ್ಟ್ ಮಾಡಿ ನೋಡಿದರು. ಕಾಲು ತನ್ನ ಪಾಡಿಗೆ ಆಕ್ಸಿಲರೇಟರ್ ಮೇಲೆ ಕೂತಿತ್ತು. ಗಾಡಿ ಎಷ್ಟು ಚೆನ್ನಾಗಿದೆ ನೋಡು ಎಂದು ಇಳಿದು ಬಂದರು.

ಅಮ್ಮ ಮೊದಲ ಸಲ ಕಳಸಕ್ಕೆ ಹೊರಟಾಗ ಪಕ್ಕದ ಸೀಟಿನಲ್ಲಿ ನಾನಿದ್ದೆ. ಅಜ್ಜಿಗೆಂದು ಮಾಡಿದ ಮೆತ್ತಗಿನ ಕಡುಬಿನ ಡಬ್ಬಿ ನನ್ನ ತೊಡೆಯ ಮೇಲಿತ್ತು. ಕೊಟ್ಟಿಗೆಹಾರದಲ್ಲಿ ಕಳಸದ ಕಡೆ ತಿರುಗಬೇಕು. ಎದುರಿನಿಂದ ಬಸ್ಸು ಬಂತೆಂದು ಅಮ್ಮ ನಿಲ್ಲಿಸಿದಳು, ಕಾಲು ತೆಗೆದಳು, ಇಂಜಿನ್ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದಳು, ಮತ್ತೆ ನಿಂತಿತು. ಹಿಂದೆ ಸಾಲುಗಟ್ಟಿದವರೆಲ್ಲ ಹಾರ್ನ್ ಹೊಡೆದರು. ಬಸ್ಸಿನ ಕಿಟಕಿಗಳಿಂದ ಮುಖಗಳು ಹೊರಗೆ ಬಂದವು. ಅಮ್ಮನ ಕುತ್ತಿಗೆ ಬೆವತು ಹೋಯಿತು.

ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಪಕ್ಕದ ತೋಟದ ಸಾಹುಕಾರರು ಓಡಿ ಬಂದು, "ಸರೀರಿ ಅಕ್ಕ, ನಾ ತೆಗೀತೀನಿ" ಎಂದು ಕೂತು ಜೋರು ರೇಸ್ ಕೊಟ್ಟರು. ಗಾಡಿಯನ್ನು ತಿರುಗಿಸಿ ಸೀದಾ ನಮ್ಮ ಮನೆಗೇ ತಂದು ಬಿಟ್ಟರು. ಜಗುಲಿಯಲ್ಲಿ ಕೂತು ಅಪ್ಪನಿಗೆ, "ಗಾಡಿ ಚಿನ್ನದಂಗಿದೆ. ಅಕ್ಕನಿಗೆ ಇನ್ನೂ ಕ್ಲಚ್ಚಿನ ಹದ ಸಿಕ್ಕಿಲ್ಲ ಅಷ್ಟೆ" ಎಂದರು. ಅವರಿಗೆ ಕಾಫಿ ತಂದ ಅಮ್ಮ ಅದನ್ನು ಕೇಳಿಸಿಕೊಂಡೇ ಲೋಟ ಇಟ್ಟು ಒಳಗೆ ಹೋದಳು.

ಅವಳು ಮತ್ತೆ ಕಾರು ಮುಟ್ಟಲಿಲ್ಲ. ಅಪ್ಪನಿಗೆ ಪುರುಸೊತ್ತಾದಾಗ ಕಳಸಕ್ಕೆ ಹೋಗುತ್ತಿದ್ದಳು, ಅದು ಆಗುತ್ತಿದ್ದದ್ದೇ ಅಪರೂಪ. ಅಜ್ಜಿ ತೀರಿಕೊಂಡ ದಿನ ಅಪ್ಪ ಎಲ್ಲ ಕೆಲಸ ಬಿಟ್ಟು ಕರೆದುಕೊಂಡು ಹೋದರು.

ಕಾಲೇಜು ಮುಗಿಸಿ ಬಂದ ಮೇಲೆ ನಾನೂ ಅದೇ ಸ್ಕೂಲಿನಲ್ಲಿ ಕಲಿತೆ. ಅಂಗಳದಲ್ಲಿ ಅದೇ ಹಳೆಯ ಕಾರು ಸ್ಟಾರ್ಟ್ ಮಾಡಿ ಕಾಲು ತೆಗೆದೆ. ನಡುಗಿತು. ನನಗೆ ಎಲ್ಲಿತ್ತೋ ಸಿಟ್ಟು, ಅಪ್ಪನನ್ನು ಕರೆದು ಪಕ್ಕದ ಸೀಟಿನಲ್ಲಿ ಕೂರಿಸಿದೆ. ಅವರಿಗೆ ತಮ್ಮದೇ ಕಾರಿನ ಎಡಗಡೆ ಕೂತು ಗೊತ್ತಿರಲಿಲ್ಲ.

"ನನ್ನ ಕಾಲು ನೋಡಿ ಅಪ್ಪ, ಎಲ್ಲೂ ತಾಗಿಸಿಲ್ಲ" ಎಂದೆ. ಸೀಟು ಅವರ ಬೆನ್ನನ್ನು ಅಲುಗಾಡಿಸುತ್ತಿತ್ತು. ಅವರ ಮುಖ ಸಣ್ಣಗಾಯಿತು.

ಇಳಿದು ಬಾನೆಟ್ ಎತ್ತಿದರು. ಪಲ್ಪರ್ ಇಂಜಿನ್ನಿನ ಸದ್ದು ತುಸು ಬದಲಾದರೂ ಮನೆಯೊಳಗಿಂದಲೇ ಕಾಯಿಲೆ ಹೇಳುತ್ತಿದ್ದ ಮನುಷ್ಯ ಅವರು. ಪ್ಲಗ್ಗಿನ ವೈರುಗಳನ್ನು ಒಂದೊಂದಾಗಿ ಕಿತ್ತು ನೋಡಿದರು. ಯಾವುದನ್ನು ಕಿತ್ತರೂ ನಡುಕ ಹೆಚ್ಚಾಯಿತು, ಅಂದರೆ ಪ್ಲಗ್ಗುಗಳೆಲ್ಲ ಕೆಲಸ ಮಾಡುತ್ತಿದ್ದವು. ಕಾರ್ಬುರೇಟರ್ ಬಿಚ್ಚಿ, ತೊಳೆದು, ಹಾಕಿದರು. ನಡುಕ ಹೋಗಲಿಲ್ಲ. ಆಮೇಲೆ ಬಗ್ಗಿ ಕಿವಿಗೊಟ್ಟರು. ಎಲ್ಲೋ ಸೊಯ್ ಎಂದು ಗಾಳಿ ಎಳೆಯುವ ಸದ್ದು. ಕಾರ್ಬುರೇಟರ್ ಕೆಳಗಿನ ರಬ್ಬರ್ ಪೈಪಿನ ತುದಿ ಅಡಿಭಾಗದಲ್ಲಿ ಸೀಳಿತ್ತು. ಅದರ ಮೇಲೆ ಹೆಬ್ಬೆರಳು ಒತ್ತಿದರು. ಇಂಜಿನ್ ನಡುಕ ಬಿಟ್ಟು ಹದವಾಗಿ ಓಡಿತು. ಬೆರಳು ತೆಗೆದರೆ ಮತ್ತೆ ನಡುಕ.

ರೇಸ್ ಕೊಟ್ಟು ಓಡುವಾಗ ಅಷ್ಟು ಸಣ್ಣ ಸೋರಿಕೆ ಲೆಕ್ಕಕ್ಕೆ ಬರುವುದಿಲ್ಲವಂತೆ, ಕಾಲು ತೆಗೆದಾಗ ಮಾತ್ರ ಗೊತ್ತಾಗುತ್ತದಂತೆ. ನಮ್ಮಲ್ಲಿ ಕಾಲು ತೆಗೆಯುತ್ತಿದ್ದವಳು ಅಮ್ಮ ಒಬ್ಬಳೇ. ಹೊಸ ಪೈಪೂ ಬೇಕಾಗಲಿಲ್ಲ. ಸೀಳಿದ ತುದಿಯನ್ನು ಬ್ಲೇಡಿನಿಂದ ಕತ್ತರಿಸಿ ಉಳಿದದ್ದನ್ನು ಎಳೆದು ಸಿಕ್ಕಿಸಿ ಕ್ಲಿಪ್ ಬಿಗಿದರು. ಇಷ್ಟೇ ಕೆಲಸ.

ಅಮ್ಮ ಕಣದಲ್ಲಿ ಒಣಹಾಕಿದ ಪಾರ್ಚ್‌ಮೆಂಟ್ ಕಾಫಿ ಬೀಜಕ್ಕೆ ಕೈಯಾಡಿಸುತ್ತಿದ್ದಳು. ಅಪ್ಪ ಅಲ್ಲಿಗೇ ಹೋದರು. ಕೂಗಿ ಕರೆಯಲಿಲ್ಲ.

"ನೀ ಹೇಳಿದ್ದೇ ಸರಿ. ಗಾಡಿಯದ್ದೇ ತಪ್ಪಿತ್ತು. ನಾನು ಕೇಳಲಿಲ್ಲ" ಎಂದರು. "ಸರಿ ಮಾಡಿದ್ದೀನಿ. ಬಾ, ಹೊಡಿ."

ಅಮ್ಮ ಬಂದು ಬಾನೆಟ್ ಮೇಲೆ ಅಂಗೈ ಇಟ್ಟಳು. ಇಂಜಿನ್ ಸಣ್ಣಗೆ ಓಡುತ್ತಿತ್ತು. ಅಪ್ಪ ಬಾಗಿಲು ತೆಗೆದು ಹಿಡಿದಿದ್ದರು.

"ಎಲ್ಲಿಗೆ ಹೋಗ್ಲಿ?" ಎಂದಳು. ಅದರಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ಕೇಳಿದ್ದು. "ಅಮ್ಮನ ನೋಡಕ್ಕೆ ಅಂತ ಕಲ್ತಿದ್ದೆ ನಾನು."